ಅಡುಗೆಮನೆಗೆ ಬಂದ ಫೋನು

ನಾನು ಹುಟ್ಟಿದ್ದು ನೇಕಾರರ ಮನೆಯಲ್ಲಿ, ಸೊಸೆಯಾಗಿ ಬಂದದ್ದೂ ನೇಕಾರರ ಮನೆಗೇ. ಮಗ್ಗದ ಮೇಲೆ ಸಾವಿರಾರು ರೇಷ್ಮೆ ಎಳೆಗಳು ಹರಡಿರುವಾಗ ಎಲ್ಲೋ ಒಂದು ಕಡಿದರೆ, ಕನ್ನಡಕವಿಲ್ಲದೆ ಹುಡುಕಿ, ಹೊಸ ಎಳೆ ಹೊಸೆದು, ಸೇರಿಸಿದ ಜಾಗ ದೇವರಿಗೂ ಕಾಣದ ಹಾಗೆ ಮಾಡುವ ಕೈ ನನ್ನದು. ಇದು ಜಂಬವಲ್ಲ. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಇಂಥ ಕೈಗೆ ಟೆಲಿಫೋನಿನ ಎರಡೇ ಎರಡು ತಂತಿ ಯಾವ ಲೆಕ್ಕ?

ಹೀಗೆಂದು ನಾನು ಅಂದುಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಬುಧವಾರ ಸಂಜೆಯ ಹೊತ್ತಿಗೆ ನಮ್ಮ ಹೊಸ ಗೋಡೆಗೆ ಏಳು ತೂತು ಬಿದ್ದಿದ್ದವು, ನಮ್ಮ ಯಜಮಾನರು ಬೆಂಗಳೂರಿನಲ್ಲಿ ಊಟ ಬಿಟ್ಟಿದ್ದರು, ಪಕ್ಕದ ಮನೆಯ ಹುಡುಗಿಗೆ ಕಲ್ಯಾಣದುರ್ಗದಲ್ಲಿ ಮದುವೆ ಗೊತ್ತಾಗಿತ್ತು. ಮೂರಕ್ಕೂ ಕಾರಣ ನಾನೇ!

ಮೊದಲು ಫೋನಿನ ಸಂಗತಿ ಹೇಳಬೇಕು. ಎಸ್.ಟಿ.ಡಿ. ಬೂತುಗಳು ಹಳದಿ ಬೋರ್ಡು ಹಾಕಿಕೊಂಡು ಆಗತಾನೇ ಒಂದೊಂದಾಗಿ ತಲೆ ಎತ್ತುತ್ತಿದ್ದ ಕಾಲ. ಯಜಮಾನರದು ರೇಷ್ಮೆ ಸೀರೆಯ ವ್ಯಾಪಾರ. ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಫೋನು ಬಂತು. ಅದನ್ನು ಅವರು ಪಡಸಾಲೆಯಲ್ಲಿ ಪ್ರತಿಷ್ಠಾಪನೆ ಮಾಡಿದರು. ಅದಕ್ಕೊಂದು ಸ್ಟೂಲು, ಸ್ಟೂಲಿಗೊಂದು ಕ್ರೋಷಾ ಹೊದಿಕೆ, ಡಯಲಿಗೆ ಒಂದು ಪುಟ್ಟ ಬೀಗ. ಬೀಗದ ಕೈ ಅವರ ಉಡುದಾರದಲ್ಲಿ! ಬಂದ ಫೋನು ಎತ್ತುವುದು ನನ್ನ ಕೆಲಸ, ಇಲ್ಲಿಂದ ಫೋನು ಮಾಡುವುದು ಅವರ ಅಧಿಕಾರ. ಎರಡು ವರ್ಷದಲ್ಲಿ ನಾನು ಒಂದು ಸಲವೂ ಡಯಲಿಗೆ ಬೆರಳು ಹಾಕಿರಲಿಲ್ಲ.

ಆದರೆ ಎತ್ತುವ ಕೆಲಸವೇ ಬೆಟ್ಟದಷ್ಟಿತ್ತು. ಬೀದಿಯ ಮೂವತ್ತು ಮನೆಗೆ ಅದೊಂದೇ ಫೋನು. ಎಲ್ಲರೂ ತಂತಮ್ಮ ನೆಂಟರಿಗೆ, ಕಾಗದದ ಮೇಲೆ, ಲಗ್ನಪತ್ರಿಕೆಯ ಮೇಲೆ ನಮ್ಮ ನಂಬರು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆದುಕೊಳ್ಳುತ್ತಿದ್ದರು. ಪಿ.ಪಿ. ಅಂದರೆ ನಂಬರು ನಮ್ಮದು, ಮಾತು ಅವರದು, ಓಡಾಟ ನನ್ನದು! ಗಂಟೆ ಬಾರಿಸಿದರೆ ಹೆಂಚಿನ ಮೇಲಿನ ದೋಸೆ ಬಿಟ್ಟು ಪಡಸಾಲೆಗೆ ಓಡಬೇಕು. "ಐದು ನಿಮಿಷ ಬಿಟ್ಟು ಮಾಡ್ರಪ್ಪ" ಎಂದು ಹೇಳಿ ಬೀದಿಗೆ ಓಡಬೇಕು. ಯಾರದೋ ಬಾಗಿಲು ತಟ್ಟಿ ಕರೆದುಕೊಂಡು ಬರುವಷ್ಟರಲ್ಲಿ ದೋಸೆ ಇದ್ದಿಲಾಗಿರುತ್ತಿತ್ತು.

"ಇವತ್ತು ಯಾರಿಗೆ ಫೋನ್ ಬಂದಿತ್ತು?" ಎಂದು ಯಜಮಾನರು ತಟ್ಟೆ ನೋಡಿಯೇ ಕೇಳುತ್ತಿದ್ದರು.

"ಫೋನ್ ಅಡಿಗೆಮನೇಲಿದ್ರೆ ಇಂಗೆಲ್ಲ ಆಗಾಕಿಲ್ಲ ಕಣ್ರೀ," ಎಂದು ನಾನು ಹೇಳುತ್ತಿದ್ದೆ.

"ಲೇ, ಫೋನ್ ಅನ್ನೋದು ಮನೆಗೆ ಬಂದೋರಿಗೆ ಕಾಣ್ಬೇಕು. ಒಗ್ಗರಣೆ ಡಬ್ಬಿ ಪಕ್ಕ ಮಡಗೋಕೆ ಅದೇನು ಇಂಗೇನೇ?"

ಅಷ್ಟಕ್ಕೆ ಆ ಚರ್ಚೆ ಮುಕ್ತಾಯವಾಗುತ್ತಿತ್ತು.

ಆ ವರ್ಷ ಮನೆ ರಿಪೇರಿಗೆ ಕೈ ಹಾಕಿದೆವು. ಪಡಸಾಲೆಯ ಗೋಡೆಗಳಿಗಿದ್ದ ಹಳೇ ಗಾರೆ ಕೆತ್ತಿ ಹೊಸದಾಗಿ ಸಿಮೆಂಟು ಗಾರೆ ಮಾಡಬೇಕಿತ್ತು. ಬೀದಿಯ ಕಂಬದಿಂದ ಬಂದ ಫೋನಿನ ತಂತಿ ನಮ್ಮ ಕಿಟಕಿಯ ಚೌಕಟ್ಟಿನ ತೂತಿನಲ್ಲಿ ಒಳಗೆ ಬಂದು, ಅದೇ ಪಡಸಾಲೆಯ ಗೋಡೆಗೆ ಎರಡು ಸ್ಕ್ರೂನಲ್ಲಿ ಕೂರಿಸಿದ್ದ ಒಂದು ಬಿಳಿ ಡಬ್ಬಿಗೆ ಸೇರುತ್ತಿತ್ತು. ಗಾರೆ ಕೆತ್ತುವ ಮುಂಚೆ ಆ ಡಬ್ಬಿಯನ್ನು ಬಿಚ್ಚಲೇಬೇಕು. ಲೈನ್‌ಮನ್ ಬಾಷಾ ಭಾನುವಾರವೇ ಬಂದು ನೋಡಿ, "ಅಮ್ಮಾ, ಒಂದು ಅರ್ಜಿ ಬರ್ದಿಡ್ರಿ. ಗುರುವಾರ ನಾನೇ ಬಂದು ಬಿಚ್ಚಿ, ಎಲ್ಲಿ ಬೇಕೋ ಅಲ್ಲಿ ಹಾಕ್ಕೊಡ್ತೀನಿ. ಅಲ್ಲೀತಂಕ ಯಾರೂ ಮುಟ್ಟಬ್ಯಾಡ್ರಿ" ಎಂದು ಸ್ಪಷ್ಟವಾಗಿ ಹೇಳಿ ಹೋಗಿದ್ದ. ಅವನ ಮೇಲೆ ನಾನು ಒಂದು ಮಾತೂ ಹೇಳುವಂತಿಲ್ಲ.

ಸೋಮವಾರ ಯಜಮಾನರು ಸೀರೆ ಗಂಟು ಹೊತ್ತು, ಗುರುವಾರ ಬರುತ್ತೇನೆಂದು ರೈಲು ಹತ್ತಿದರು. ಮಂಗಳವಾರ ಬೆಳಿಗ್ಗೆ ಗಾರೆ ಮೇಸ್ತ್ರಿ ಗಂಗಪ್ಪ ಬಂದು ನಿಂತ.

"ಅಮ್ಮಯ್ಯ, ಇವತ್ತು ಈ ಗೋಡೆ ಮುಗಿಸ್ದಿದ್ರೆ ನಾಳಿದ್ದು ನಾನು ಚಿಲಮತ್ತೂರಿಗೆ ಬೇರೆ ಕೆಲಸಕ್ಕೋಯ್ತೀನಿ. ಆಮೇಲೆ ತಿಂಗಳು ಈ ಕಡೆ ಬರಾಕಿಲ್ಲ."

ನಾನು ಗೋಡೆ ನೋಡಿದೆ. ಡಬ್ಬಿ ನೋಡಿದೆ. ಹೇಗೂ ಬಿಚ್ಚಬೇಕಾದ ಡಬ್ಬಿ. ಬಿಚ್ಚಿದ ಮೇಲೆ ಅಲ್ಲೇ ಯಾಕೆ ಹಾಕಬೇಕು? ಅಡುಗೆಮನೆ ಇರುವುದು ಎಲ್ಲಿ, ಇದೇ ಗೋಡೆಯ ಕೊನೆಗೆ! ಯಜಮಾನರು ಬರುವಷ್ಟರಲ್ಲಿ ಫೋನು ಒಲೆಯ ಪಕ್ಕದ ಗೂಡಿನಲ್ಲಿ ಕುಳಿತಿರುತ್ತದೆ. ಕುಳಿತದ್ದನ್ನು ಎಬ್ಬಿಸುವಷ್ಟು ಕಠಿಣ ಮನಸ್ಸು ಅವರದಲ್ಲ.

ಅಷ್ಟರಲ್ಲಿ ಪಕ್ಕದ ಮನೆ ನರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡನಿಲ್ಲದ ಹೆಂಗಸು. ರೇಷ್ಮೆ ಸುತ್ತಿ ಕೊಟ್ಟು ಒಬ್ಬಳೇ ಮಗಳು ಪಾರ್ವತಿಯನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿದ್ದಳು.

"ರತ್ನಕ್ಕ, ನಾಳೆ ಬುಧವಾರ. ಹತ್ತು ಗಂಟೆಗೆ ಕಲ್ಯಾಣದುರ್ಗದೋರು ಫೋನ್ ಮಾಡ್ತೀವಿ ಅಂದವ್ರೆ. ಗೋಡೆ ಕೆಲಸ ಅಂತ ಫೋನ್ ಎತ್ತಿಡಾಕಿಲ್ಲ ತಾನೇ?"

ನನಗೆ ನೆನಪಿತ್ತು. ಹೋದ ವಾರ ಕಲ್ಯಾಣದುರ್ಗದಿಂದ ತಿಪ್ಪೇಸ್ವಾಮಪ್ಪ ಎಂಬುವರು ಮಗನನ್ನು ಕರೆದುಕೊಂಡು ಬಂದು ಪಾರ್ವತಿಯನ್ನು ನೋಡಿ ಹೋಗಿದ್ದರು. ಹುಡುಗ ಕಂಬದೂರಿನ ಕಡೆ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳದೆ, "ಮುಂದಕ್ಕೆ ಓದೋ ಆಸೆ ಅದ್ಯಾ?" ಎಂದು ಕೇಳಿದ್ದನಂತೆ. ಅಂದಿನಿಂದ ಪಾರ್ವತಿ ಹಳೇ ಪುಸ್ತಕಗಳ ಧೂಳು ಒರೆಸುತ್ತಿದ್ದಳು. ಹುಡುಗಿ ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಗೊತ್ತಾಗಿತ್ತು, ನನಗೂ ಆ ಹುಡುಗ ಮೆಚ್ಚುಗೆಯಾಗಿದ್ದ. ಆದರೆ ಅವನ ಅಪ್ಪನದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಉಪ್ಪಿಟ್ಟು ತಿಂದು ಕೈ ತೊಳೆಯುತ್ತಾ, "ಹುಡುಗನ ಸ್ಕೂಲು ಒಸಿ ದೂರ. ಒಂದು ಸ್ಕೂಟರ್ ಅಂತ ಆದ್ರೆ... ನೋಡೋವ, ಯೋಚ್ನೆ ಮಾಡಿ ಬುಧವಾರ ಫೋನ್ ಮಾಡ್ತೀನಿ" ಎಂದು ಹೊರಟಿದ್ದರು. ನರಸಮ್ಮ ಸೈಕಲ್ಲಿನ ಗಂಟೆ ಕೂಡ ಕೊಡಿಸುವ ಸ್ಥಿತಿಯಲ್ಲಿರಲಿಲ್ಲ.

"ನೀನೇನೂ ಚಿಂತೆ ಮಾಡಬ್ಯಾಡ," ಎಂದೆ. "ನಾಳೆ ಹತ್ತು ಗಂಟೆಗೆ ನಮ್ಮ ಅಡಿಗೆಮನೆಗೆ ಬಾ. ಕಾಫಿ ಕುಡ್ಕೊಂಡೇ ಮಾತಾಡೀವಂತೆ!"

ಎಲೆಕ್ಟ್ರಿಕ್ ಅಂಗಡಿಯಿಂದ ಇಪ್ಪತ್ತು ಅಡಿ ಜೋಡಿ ತಂತಿ ತಂದೆ. ಮುನ್ನೆಚ್ಚರಿಕೆಯಾಗಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಫೋನಿಗೂ ಮನೆಯ ಕರೆಂಟಿಗೂ ಸಂಬಂಧವಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಸ್ಕ್ರೂ ಬಿಚ್ಚಿ, ಡಬ್ಬಿ ಎತ್ತಿ, ಬೀದಿಯಿಂದ ಬಂದ ಎರಡು ತಂತಿಯ ತುದಿಗಳನ್ನು ಕೈಯಲ್ಲಿ ಹಿಡಿದೆ.

ಆ ಕ್ಷಣಕ್ಕೆ ಸರಿಯಾಗಿ ಯಾರೋ ನಮಗೆ ಫೋನು ಮಾಡಿದರು. ಗಂಟೆ ಬಾರಿಸಲು ಫೋನು ಇರಲಿಲ್ಲ. ಆ ಕರೆ ನೇರವಾಗಿ ನನ್ನ ಬೆರಳಿಗೇ ಬಂತು!

"ಅಯ್ಯಯ್ಯಪ್ಪೋ!" ಎಂದು ಕುಣಿದು ಗಂಗಪ್ಪನ ಗಾರೆ ಬಾಂಡ್ಲಿಯೊಳಗೆ ಕಾಲಿಟ್ಟೆ.

"ಏನಾಯ್ತಮ್ಮಯ್ಯ?"

"ಏನಿಲ್ಲ ಕಣಪ್ಪ. ಲೈನ್‌ನಾಗೆ ಜೀವ ಅದೆ," ಎಂದೆ, ಮೊಣಕಾಲಿನವರೆಗೆ ಗಾರೆ ಮೆತ್ತಿಕೊಂಡೇ.

ಇನ್ನು ತಂತಿ ಸೇರಿಸುವ ಕೆಲಸ. ಇಲ್ಲಿ ನನ್ನ ಮನೆತನದ ವಿದ್ಯೆ ಮುಂದೆ ಬಂತು. ಒಂಟಿ ಎಳೆ ಕಡಿಯುತ್ತದೆ, ಜೋಡಿ ಎಳೆ ನಿಲ್ಲುತ್ತದೆ. ಇದು ನಮ್ಮಜ್ಜಿ ಹೇಳಿಕೊಟ್ಟ ಪಾಠ. ಬೀದಿಯ ತಂತಿಯಲ್ಲಿ ಎರಡೆಳೆ, ಹೊಸ ತಂತಿಯಲ್ಲಿ ಎರಡೆಳೆ. ನಾಲ್ಕರ ಸಿಪ್ಪೆಯನ್ನೂ ಸುಲಿದೆ. ನಾಲ್ಕನ್ನೂ ಒಟ್ಟಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನಲ್ಲಿ ಹೊಸೆದು ಹೊಸೆದು ಒಂದೇ ಹುರಿ ಮಾಡಿದೆ. ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ನನಗೇ ದೃಷ್ಟಿ ತೆಗೆದುಕೊಳ್ಳಬೇಕೆನ್ನಿಸಿತು. ಎರಡು ತಂತಿ ಒಂದನ್ನೊಂದು ಮುಟ್ಟಬಾರದು ಎಂಬ ಒಂದೇ ಒಂದು ಸಣ್ಣ ವಿಷಯ ಮಾತ್ರ ನಮ್ಮಜ್ಜಿಯ ಪಾಠದಲ್ಲಿ ಇರಲಿಲ್ಲ.

"ಗಂಗಪ್ಪ, ತಂತಿ ಗೋಡೆ ಒಳಗೇ ಹೋಗ್ಲಿ. ಮೇಲೆ ಗಾರೆ ಎಳೆದ್ಬುಡು. ಎಲ್ಲಿ ಸೇರಿಸಿದೀನಿ ಅಂತ ಯಾರಿಗೂ ಗೊತ್ತಾಗಬಾರ್ದು."

"ನನ್ನ ಗಾರೆ ಅಂದ್ರೆ ಕನ್ನಡಿ ಕಣಮ್ಮಯ್ಯ. ನಿಮಗೇ ಗೊತ್ತಾಗಾಕಿಲ್ಲ," ಎಂದ ಗಂಗಪ್ಪ. ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ.

ಸಂಜೆಗೆ ಫೋನು ಒಲೆಯ ಪಕ್ಕದ ಗೂಡಿನಲ್ಲಿ, ಕ್ರೋಷಾ ಹೊದಿಕೆಯ ಸಮೇತ, ಮೆಂತ್ಯದ ಡಬ್ಬಿ ಮತ್ತು ಹುಣಸೆಹಣ್ಣಿನ ಭರಣಿಯ ನಡುವೆ ವಿರಾಜಮಾನವಾಯಿತು. ಎತ್ತಿ ಕಿವಿಗಿಟ್ಟೆ. ಧೂಳು ಒರೆಸುವಾಗ ಎತ್ತಿದರೆ ಮೊದಲೆಲ್ಲ ಗುಂಯ್ ಎಂದು ಒಂದೇ ಸಮ ಸದ್ದು ಬರುತ್ತಿತ್ತು. ಈಗ ಸದ್ದೇ ಇಲ್ಲ. ಪೂರ್ತಿ ನಿಶ್ಶಬ್ದ!

"ನೋಡು ನರಸಮ್ಮ, ಆ ಹಾಳು ಗುಂಯ್‌ಗುಟ್ಟೋದೂ ನಿಂತೋಯ್ತು. ಎಷ್ಟು ಕ್ಲೀನಾಗಿ ಅದೆ ಲೈನು!"

ನರಸಮ್ಮ ಭಕ್ತಿಯಿಂದ ಫೋನಿಗೆ ಕೈ ಮುಗಿದಳು.

ಬುಧವಾರ ಒಂಬತ್ತೂವರೆಗೇ ತಾಯಿ ಮಗಳು ಬಂದರು. ನರಸಮ್ಮ ತಲೆಗೆ ಹೂವು ಮುಡಿಯುವವಳಲ್ಲ, ಆದರೆ ಪೆಟ್ಟಿಗೆಯಿಂದ ಮಡಿ ಸೀರೆ ತೆಗೆದು ಉಟ್ಟಿದ್ದಳು. ಪಾರ್ವತಿ ಯಾರಿಗೂ ಕಾಣದ ಹಾಗೆ ಹೊಸ ಬಳೆ ತೊಟ್ಟಿದ್ದಳು. ಫೋನಿನಲ್ಲಿ ಬಳೆ ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ. ಮೂವರೂ ಗೂಡಿನ ಎದುರು ಮಣೆ ಹಾಕಿಕೊಂಡು ಕುಳಿತೆವು.

ಹತ್ತಾಯಿತು. ಹನ್ನೊಂದಾಯಿತು. ಹನ್ನೆರಡೂ ಆಯಿತು. ಫೋನು ಪಕ್ಕದ ಹುಣಸೆಹಣ್ಣಿನ ಭರಣಿಗಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

"ಸ್ಕೂಟರ್ ಇಲ್ಲ ಅಂತ ಬ್ಯಾಡ ಅಂದ್ಕೊಂಡ್ಬುಟ್ರು ಅಕ್ಕ," ಎಂದು ನರಸಮ್ಮ ಸೆರಗಿನಲ್ಲಿ ಕಣ್ಣೊರೆಸಿದಳು. "ಬ್ಯಾಡ ಅಂತ ಹೇಳಾಕಾದ್ರೂ ಒಂದು ಫೋನ್ ಮಾಡಬಾರ್ದಾಗಿತ್ತಾ?"

ಪಾರ್ವತಿ ಎದ್ದು ನನ್ನ ಪಾತ್ರೆ ತೊಳೆಯಲು ಕುಳಿತಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳ ಬೆನ್ನು ನೋಡುತ್ತಾ ಕುಳಿತೆ. ಮೊದಲ ಬಾರಿಗೆ ಅನುಮಾನ ಬಂತು. ಅವರ ಮೇಲಲ್ಲ, ನನ್ನ ಹುರಿಯ ಮೇಲೆ.

"ಇಲ್ಲೇ ಕೂತಿರು, ಬತ್ತೀನಿ," ಎಂದು ನರಸಮ್ಮನನ್ನು ಫೋನಿನ ಕಾವಲಿಗೆ ಕೂರಿಸಿ, ಮಾರ್ಕೆಟ್ ರಸ್ತೆಯ ಎಸ್.ಟಿ.ಡಿ. ಬೂತಿಗೆ ಓಡಿದೆ. ಬೂತಿನವನ ಕೈಯಲ್ಲಿ ನಮ್ಮದೇ ನಂಬರು ಹಾಕಿಸಿದೆ.

"ಎಂಗೇಜ್ ಬರ್ತಾ ಅದಮ್ಮ. ಯಾರೋ ಮಾತಾಡ್ತಾವ್ರೆ."

ನನ್ನ ಎದೆ ಹಾರಿತು. ಯಾರೋ ಮಾತಾಡುತ್ತಿದ್ದಾರೆ ಅಂದರೆ? ಕಲ್ಯಾಣದುರ್ಗದಿಂದ ಫೋನು ಬಂದಿದೆ! ನರಸಮ್ಮ ಎತ್ತಿ ಮಾತಾಡುತ್ತಿದ್ದಾಳೆ! ಚಪ್ಪಲಿಯ ಬಾರು ಕಿತ್ತರೂ ಲೆಕ್ಕಿಸದೆ ಓಡಿ ಬಂದೆ. ದಾರಿಯಲ್ಲಿ ಸಿಕ್ಕ ಇಬ್ಬರಿಗೆ "ಪಾರ್ವತಿಗೆ ಗಂಡು ಗೊತ್ತಾಗೋಯ್ತು!" ಎಂದು ಹೇಳಿಯೂ ಬಿಟ್ಟೆ.

ಅಡುಗೆಮನೆಯಲ್ಲಿ ನರಸಮ್ಮ ನಾನು ಬಿಟ್ಟುಹೋದ ಹಾಗೇ ಕೈ ಕಟ್ಟಿ ಕುಳಿತಿದ್ದಳು. ಫೋನು ಅದರ ಪಾಡಿಗೆ ಅದಿತ್ತು.

"ಏನಂದ್ರು?" ಎಂದು ಏದುಸಿರು ಬಿಟ್ಟೆ.

"ಯಾರು?" ಎಂದಳು ನರಸಮ್ಮ.

ಮತ್ತೆ ಬೂತಿಗೆ ಓಡಿದೆ. ಎಂಗೇಜ್! ಮತ್ತೆ ಮನೆಗೆ. ಕೈ ಕಟ್ಟಿದ ನರಸಮ್ಮ! ಮೂರನೆಯ ಸಲ ಬೂತಿನವನು ನನ್ನನ್ನು ಕರುಣೆಯಿಂದ ನೋಡಿ, "ಅಮ್ಮಾ, ನಿಮ್ಮನೇಗೆ ಬೆಳಗಿಂದ ಬೆಂಗಳೂರಿಂದಾನೂ ಟ್ರೈ ಮಾಡಿ ಸಾಕಾಗಿ, ನಿಮ್ಮ ಯಜಮಾನ್ರು ಇಲ್ಲಿಗೆ ಫೋನ್ ಮಾಡಿದ್ರು. ಯಾರ ಜೊತೆ ಇಷ್ಟೊತ್ತು ಮಾತಾಡ್ತಾವ್ಳೆ ನೋಡ್ಕಂಡ್ ಬಾ ಅಂದ್ರು. ಊಟಾನೂ ಮಾಡಿಲ್ಲವಂತೆ," ಎಂದ.

ಆಗ ಲೈನ್‌ಮನ್ ಬಾಷಾನನ್ನು ಹುಡುಕಿಕೊಂಡು ಹೋದೆ. ಬಂದವನು ಮೊದಲು ಬೀದಿಯ ಕಂಬ ಹತ್ತಿ ಅಲ್ಲಿ ತನ್ನ ಫೋನು ಸಿಕ್ಕಿಸಿ ಕೇಳಿದ. ಇಳಿದು ಒಳಗೆ ಬಂದ. ಪಡಸಾಲೆಯಲ್ಲಿ ಡಬ್ಬಿ ಇದ್ದ ಜಾಗ ನೋಡಿದ. ಅಡುಗೆಮನೆಯ ಗೂಡು ನೋಡಿದ. ನನ್ನನ್ನು ನೋಡಿದ.

"ಏಂದಮ್ಮಾ ಇದಿ!" ಎಂದು ಅವನ ಬಾಯಿಂದ ತೆಲುಗು ಹೊರಟಿತು. ಬಾಷಾನಿಗೆ ನಿಜವಾಗಿ ಬೇಜಾರಾದರೆ ತೆಲುಗೇ ಬರುವುದು. "ಗುರುವಾರ ಬತ್ತೀನಿ ಅಂದಿದ್ನಲ್ಲಮ್ಮ. ಒಳಗೆಲ್ಲೋ ಎರಡು ತಂತಿ ತಗಲಿಕೊಂಡದೆ. ಆಕಡೆ ಆಫೀಸಿಗೆ, ನೀವು ನಿನ್ನೆಯಿಂದ ಫೋನ್ ಎತ್ಕೊಂಡು ಮಾತಾಡ್ತಾನೇ ಇದೀರಾ ಅಂತ ಲೆಕ್ಕ. ಯಾರು ಮಾಡಿದ್ರೂ ಎಂಗೇಜೇ ಬತ್ತದೆ. ಎಲ್ಲಿ ಸೇರಿಸಿದೀರಾ, ತೋರ್ಸಿ."

ನಾನು ಗೋಡೆಯ ಮುಂದೆ ನಿಂತೆ. ಗಂಗಪ್ಪನ ಗಾರೆ ಕನ್ನಡಿಯ ಹಾಗಿತ್ತು. ನನಗೇ ಗೊತ್ತಾಗಲಿಲ್ಲ!

"ಇಲ್ಲಿ ಇರಬೈದು," ಎಂದೆ. ಬಾಷಾ ಉಳಿಯಿಂದ ಕೆತ್ತಿದ. ಬರೀ ಇಟ್ಟಿಗೆ. "ಅಲ್ಲಲ್ಲ, ಒಸಿ ಈಕಡೆ." ಬರೀ ಇಟ್ಟಿಗೆ. "ನನ್ನ ಸೊಂಟದ ಮಟ್ಟಕ್ಕಿತ್ತು." ಕೆತ್ತಿದ. "ಆದ್ರೆ ಆಗ ನಾನು ಸ್ಟೂಲ್ ಮೇಲೆ ನಿಂತಿದ್ನಾ?" ಮತ್ತೆ ಕೆತ್ತಿದ. ಐದನೆಯ ತೂತಿನಲ್ಲಿ ತಂತಿ ಸಿಕ್ಕಿತು, ಹುರಿ ಸಿಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಕೇಳಿದ್ದೆ. ಅವರ ಇಡೀ ಪರಿವಾರವನ್ನೇ ಮಾಡಿದವಳು ನಾನು.

ಐದು ಗಂಟೆಯ ಹೊತ್ತಿಗೆ ಆರನೆಯ ತೂತು ಅರ್ಧವಾಗಿತ್ತು. ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

"ನರಸಮ್ಮನೋರು ಇಲ್ಲೇ ಅವ್ರೆ ಅಂದ್ರು..."

ತಿರುಗಿ ನೋಡಿದರೆ ಕಲ್ಯಾಣದುರ್ಗದ ತಿಪ್ಪೇಸ್ವಾಮಪ್ಪ! ಪಕ್ಕದಲ್ಲಿ ಅವರ ಹೆಂಡತಿ. ಇಬ್ಬರ ಮೇಲೂ ಬಸ್ಸಿನ ಧೂಳು. ಹೆಂಡತಿಯ ಕೈಯಲ್ಲಿ ಹಣ್ಣು ಹೂವಿನ ಚೀಲ. ನರಸಮ್ಮ ಮಣೆಯಿಂದ ಎದ್ದವಳು ಅಲ್ಲೇ ಕಂಬ ಹಿಡಿದು ನಿಂತುಬಿಟ್ಟಳು.

"ಏನ್ ತಾಯಿ ನಿಮ್ಮ ಫೋನು!" ಎಂದರು ತಿಪ್ಪೇಸ್ವಾಮಪ್ಪ ನನ್ನನ್ನು ನೋಡಿ. "ಹತ್ತು ಗಂಟೆಗೆ ಮಾಡ್ತೀನಿ, ಎಂಗೇಜ್. ಹತ್ತೂವರೆಗೆ ಮಾಡ್ತೀನಿ, ಎಂಗೇಜ್. ಬೂತ್‌ನಾಗೇ ಕೂತ್ಕಂಡು ಮಾಡ್ತೀನಿ, ಎಂಗೇಜ್. ಇವಳು ಹೇಳಿದ್ಲು, ಹೆಣ್ಣಿಗೆ ಬೇರೆ ಕಡೆಯಿಂದ ಸಂಬಂಧ ಬಂದ್ಬುಟ್ಟದೆ, ಅವರತ್ರಾನೇ ಬೆಳಗಿಂದ ಮಾತುಕತೆ ನಡೀತಾ ಅದೆ ಅಂತ. ಹುಡುಗ ಅಂತೂ ನಮ್ಮ ಮುಖಾನೇ ನೋಡ್ತಿಲ್ಲ. ಹನ್ನೆರಡರ ಬಸ್ಸಿಗೆ ಹತ್ಕೊಂಡ್ ಬಂದ್ಬುಟ್ವಿ."

ನನ್ನ ತಲೆಯೊಳಗೆ ಒಂದು ದೀಪ ಹತ್ತಿತು. ಮೇನ್ ಸ್ವಿಚ್ ಹಾಕಿದ್ದಕ್ಕೋ ಏನೋ! ಬಾಷಾ ಬಾಯಿ ತೆರೆಯುವುದರಲ್ಲಿದ್ದ. ಅವನ ಕಾಲು ತುಳಿದೆ.

"ಏನ್ ಮಾಡೋದು ಯಜಮಾನ್ರೇ," ಎಂದೆ ನಿಧಾನವಾಗಿ. "ಓದಿರೋ ಹೆಣ್ಣು. ಕೈಯಾಗೆ ಕೆಲಸ ಇರೋ ಹೆಣ್ಣು. ನಿನ್ನೆ ಸಂಜೆಯಿಂದ ಫೋನ್‌ಗೆ ಪುರುಸೊತ್ತೇ ಇಲ್ಲ."

ಇದರಲ್ಲಿ ಒಂದಾದರೂ ಸುಳ್ಳಿದ್ದರೆ ಹೇಳಿ.

"ಈ ಗೋಡೆ ತುಂಬ ಏನಮ್ಮ ತೂತು?" ಎಂದರು ಅವರ ಹೆಂಡತಿ.

"ಲೈನ್ ಕೆಲಸ ಮಾಡಿಸ್ತಾ ಇದೀವಿ," ಎಂದೆ. ಬಾಷಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೆತ್ತತೊಡಗಿದ. ಅವನ ಭುಜ ಅಲುಗಾಡುತ್ತಿದ್ದದ್ದು ಬರೀ ಉಳಿಯ ಹೊಡೆತಕ್ಕಲ್ಲ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿ ಮೊಣಕೈಯಿಂದ ತಿವಿದರು.

"ನರಸಮ್ಮನೋರೇ," ಎಂದು ತಿಪ್ಪೇಸ್ವಾಮಪ್ಪ ಗಂಟಲು ಸರಿಮಾಡಿಕೊಂಡರು. "ಆವತ್ತು ನಾನು ಸ್ಕೂಟರ್ ಅಂದಿದ್ದೆ. ಅದನ್ನ ಮನಸ್ಸಿಗೆ ಹಾಕ್ಕೋಬ್ಯಾಡಿ. ಕಂಬದೂರಿಗೆ ಬಸ್ಸು, ಆಟೋ ಬೇಕಾದಷ್ಟವೆ. ನಿಮ್ಮ ಹುಡುಗೀನ ನಮ್ಮನೆಗೆ ಕೊಡಿ. ಇಲ್ಲ ಅಂತ ಮಾತ್ರ ಹೇಳಬ್ಯಾಡಿ."

ನರಸಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಮಗಳ ಕಡೆ ನೋಡಿದಳು. ಪಾರ್ವತಿ ತೊಳೆದ ಪಾತ್ರೆಯನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನೆಲ ನೋಡುತ್ತಾ, "ಓದೋಕೆ ಬಿಡ್ತಾರಾ ಕೇಳಮ್ಮ," ಎಂದಳು. ಅಷ್ಟು ಜನರ ಮುಂದೆ ಆ ಹುಡುಗಿ ಅಷ್ಟು ಗಟ್ಟಿಯಾಗಿ ಕೇಳಿದ್ದು ನೋಡಿ ನನಗೆ ಹೆಮ್ಮೆಯಾಯಿತು.

"ಅವನೇ ಮೇಷ್ಟ್ರಲ್ವೇನಮ್ಮ. ಓದ್ದೇ ಇದ್ರೆ ಬಿಡಾಕಿಲ್ಲ ಅವನು," ಎಂದರು ಅತ್ತೆಯಾಗಲಿರುವಾಕೆ.

ಅಡುಗೆಮನೆಯಲ್ಲೇ, ಗಾರೆ ಪುಡಿಯ ನಡುವೆ, ನಮ್ಮ ಮನೆಯ ತಟ್ಟೆಯಲ್ಲೇ ತಾಂಬೂಲ ಬದಲಾಯಿಸಿದರು. ನರಸಮ್ಮ ಅಳುತ್ತಾ ನಗುತ್ತಿದ್ದಳು. ನಾನೂ ಅತ್ತುಬಿಟ್ಟೆ, ಮುಚ್ಚಿಡುವುದೇನು. ಸರಿಯಾಗಿ ಅದೇ ಹೊತ್ತಿಗೆ ಏಳನೆಯ ತೂತಿನೊಳಗಿಂದ ಬಾಷಾ, "ಸಿಕ್ತಮ್ಮೋ!" ಎಂದು ಕೂಗಿದ. ನನ್ನ ಹುರಿಯನ್ನು ಬಿಡಿಸಲು ಅವನಿಗೆ ಆಗಲೇ ಇಲ್ಲ. ಕತ್ತರಿಸಿಯೇ ಹಾಕಬೇಕಾಯಿತು. ಅದನ್ನು ನಾನು ಇವತ್ತಿಗೂ ಪ್ರಶಸ್ತಿಯೆಂದೇ ತಿಳಿದಿದ್ದೇನೆ.

ತಂತಿಗಳನ್ನು ಬೇರೆ ಬೇರೆ ಸೇರಿಸಿದ ಎರಡೇ ನಿಮಿಷಕ್ಕೆ ಫೋನು ಟ್ರಿಣ್ ಟ್ರಿಣ್ ಎಂದಿತು. ಗೂಡಿಗೆ ಹತ್ತಿರವಿದ್ದವರು ತಿಪ್ಪೇಸ್ವಾಮಪ್ಪ. ನಾನು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವರು ಎತ್ತಿಬಿಟ್ಟರು. ಆ ಕಡೆಯಿಂದ ಗಂಡಸಿನ ದನಿ ಗುಡುಗುತ್ತಿದ್ದದ್ದು ನಮಗೂ ಕೇಳಿಸಿತು. ತಿಪ್ಪೇಸ್ವಾಮಪ್ಪನವರ ಮೀಸೆ ನೆಟ್ಟಗಾಯಿತು.

"ಯಾರಾದ್ರೂ ಆಗ್ರಿ ಸ್ವಾಮಿ! ಬೆಳಗಿಂದ ಇದೇ ನಂಬರ್‌ಗೆ ಬಿದ್ದಿದೀರಲ್ಲ, ನಾಚಿಕೆ ಆಗಾಕಿಲ್ವಾ? ಈ ಮನೆ ಹೆಣ್ಣು ಈಗ ನಮಗೆ ಸೇರಿದ್ದು! ತಾಂಬೂಲಾನೂ ಆಗೋಯ್ತು. ಇನ್ಮೇಲೆ ಇಲ್ಲಿಗೆ ಫೋನ್ ಮಾಡಬ್ಯಾಡಿ!" ಎಂದು ಫೋನು ಕುಕ್ಕಿದರು.

ಬಾಷಾ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ನನಗೆ ಆ ದನಿಯ ಪರಿಚಯವಿತ್ತು. ಮದುವೆಯಾದ ಹದಿನಾರು ವರ್ಷದಿಂದ ಇತ್ತು.

ಮಾರನೆಯ ದಿನ ಮೊದಲ ರೈಲಿಗೇ ಯಜಮಾನರು ಬಂದರು. ಅರ್ಧ ಸೀರೆ ಮಾರದೆ ವಾಪಸ್ ತಂದಿದ್ದರು. ಬಾಗಿಲಲ್ಲಿ ನಿಂತು, ಖಾಲಿ ಸ್ಟೂಲು ನೋಡಿದರು. ಗೋಡೆಯ ಏಳು ತೂತು ಒಂದೊಂದಾಗಿ ನೋಡಿದರು. ಕೊನೆಗೆ ಒಗ್ಗರಣೆ ಡಬ್ಬಿಗಳ ನಡುವೆ ಕುಳಿತ ಫೋನು ನೋಡಿದರು.

"ನನ್ನ ಮನೇಲಿ ಫೋನ್ ಎತ್ತಿದ ಗಂಡಸು ಯಾರೇ?"

"ಪಾರ್ವತಿ ಮಾವ," ಎಂದೆ. ಎಲ್ಲ ಹೇಳಿದೆ. ಮಂಗಳವಾರ ಬೆಳಿಗ್ಗೆ ನನ್ನ ಬೆರಳಿಗೆ ಹೊಡೆದ ಕರೆ ಯಾರದು ಎಂದು ಆಗ ಗೊತ್ತಾಯಿತು. ಬೆಂಗಳೂರು ಸೇರಿದೆ ಎಂದು ಹೇಳಲು ಅವರೇ ಮಾಡಿದ್ದಂತೆ. "ನೀವು ಕ್ಷೇಮವಾಗಿ ಸೇರಿದ ಸುದ್ದಿ ನನಗೆ ಮುಟ್ಟಿತ್ತು ಕಣ್ರೀ. ಚೆನ್ನಾಗೇ ಮುಟ್ಟಿತ್ತು," ಎಂದೆ.

ಅವರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ.

ಮದುವೆ ಕಲ್ಯಾಣದುರ್ಗದಲ್ಲಿ ಚೆನ್ನಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ತಿಪ್ಪೇಸ್ವಾಮಪ್ಪ ನಮ್ಮ ಯಜಮಾನರ ಪಕ್ಕ ಕುಳಿತು, "ಆವತ್ತು ಒಬ್ಬ ಫೋನ್ ಮಾಡಿದ್ದ ಯಜಮಾನ್ರೇ, ಸರಿಯಾಗಿ ಉಗಿದ್ಬುಟ್ಟೆ. ಅವನು ಯಾವೂರೋನು, ಗೊತ್ತಾಯ್ತಾ?" ಎಂದು ಕೇಳಿದರು.

"ಹಿಂದೂಪುರದೋನೇ," ಎಂದರು ಯಜಮಾನರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. "ನಿಮ್ಮ ಪಕ್ಕದಾಗೇ ಕೂತವ್ನೆ. ಅವನಿಗೆ ಆಗಲೇ ಒಂದು ಮದ್ವೆ ಆಗ್ಯದೆ, ಅದೇ ಅವನಿಗೆ ಸಾಕಾಗ್ಯದೆ."

ಪೂರ್ತಿ ಕತೆ ಹೊರಗೆ ಬಂತು. ನಾನು ತಲೆ ತಗ್ಗಿಸಿ ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಿದ್ದೆ. ತಿಪ್ಪೇಸ್ವಾಮಪ್ಪ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಹೋದ್ರೆ ಸ್ಕೂಟರ್ ಹೋಯ್ತು ಬಿಡಮ್ಮ. ಸೊಸೆ ಬಂದ್ಲಲ್ಲ," ಎಂದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಮಾತಿಗೆ ಹೋಯಿತು. ಪಾರ್ವತಿ ಈಗ ಅಲ್ಲಿಂದಲೇ ಪರೀಕ್ಷೆ ಕಟ್ಟಿ ಓದುತ್ತಿದ್ದಾಳೆ.

ಇನ್ನು ಫೋನಿನ ವಿಷಯ. ಅಡುಗೆಮನೆಗೆ ಬಂದ ಮೇಲೆ ನನ್ನ ಓಟ ತಪ್ಪಿತು, ನಿಜ. ಆದರೆ ಪಿ.ಪಿ.ಯವರೆಲ್ಲ ಒಲೆಯ ಮುಂದೆಯೇ ಬಂದು ಕೂರತೊಡಗಿದರು. ಫೋನು ಬರುವವರೆಗೆ ಕಾಫಿ. ಬಂದ ಮೇಲೆ ನನ್ನ ಸಾರಿಗೆ ಉಪ್ಪು ಕಡಿಮೆ ಎಂಬ ಸುದ್ದಿ ಬೆಂಗಳೂರಿನವರೆಗೆ! ಎರಡು ತಿಂಗಳಲ್ಲಿ ಡಯಲಿಗೆ ಒಗ್ಗರಣೆಯ ಜಿಡ್ಡು ಹಿಡಿದು ಅದು ತ್ರಾಸಿನಿಂದ ತಿರುಗತೊಡಗಿತು. ಒಂದು ದಿನ ಯಜಮಾನರೇ ಬಾಷಾನನ್ನು ಕರೆತಂದರು. ಈ ಸಲ ಅರ್ಜಿಯೂ ಬರೆದಿದ್ದರು. ಪಡಸಾಲೆಯಲ್ಲಿ ಎಲ್ಲಿ ಹಾಕುವುದು ಎಂದು ನೋಡಿದರೆ, ನನ್ನ ಹುರಿ ಸಿಕ್ಕಿದ ಏಳನೆಯ ತೂತು ಇದ್ದಲ್ಲೇ ಇತ್ತು. ಆರು ತೂತು ಮುಚ್ಚಿದ ಗಂಗಪ್ಪ ಅದೊಂದನ್ನು ಮಾತ್ರ ಮರೆತಿದ್ದ. ಡಬ್ಬಿ ಅದೇ ತೂತಿನ ಮೇಲೆ ಹೋಗಿ ಕುಳಿತುಕೊಂಡಿತು. ಸ್ಕ್ರೂಡ್ರೈವರ್ ಡಯಲಿನ ಬೀಗದ ಕೈ ಜೊತೆಗೆ ಯಜಮಾನರ ಸ್ವಾಧೀನಕ್ಕೆ ಹೋಯಿತು.

ಹೀಗೆ ನನ್ನ ಕಾರ್ಯಾಚರಣೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಹಿಂದಿನ ಬೀದಿಯ ಒಬ್ಬರು ಎಲೆ ಅಡಿಕೆ ಹಿಡಿದುಕೊಂಡು ಬಂದರು. ಎರಡನೇ ಮಗಳಿಗೆ ಗಂಡು ನೋಡಿದ್ದಾರಂತೆ.

"ಅಕ್ಕ, ಬರೋ ಶುಕ್ರವಾರ ಗಂಡಿನ ಕಡೆಯೋರು ಫೋನ್ ಮಾಡ್ತಾರೆ. ಬೆಳಿಗ್ಗೆಯಿಂದ ಸಂಜೆಗಂಟ ನಿಮ್ಮ ಫೋನ್‌ನ ಒಸಿ ಕೆಡಿಸ್ಕೊಡ್ತೀರಾ?"

ಊರಿನಲ್ಲಿ ಫೋನು ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕೆಡಿಸುವುದಕ್ಕೆ ಮಾತ್ರ ಎಲ್ಲರೂ ಹುಡುಕಿಕೊಂಡು ಬರುವುದು ನನ್ನನ್ನೇ!